ರಾಗ ಬೇಸಿನದು, ಹೆಸರು ಬೇರೆಯವರದು

(ಶಿವಮೊಗ್ಗದಲ್ಲಿ ಹಾಡು ಕೇಳಲೆಂದೇ ಸೇರುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ನಡುನಡುವೆ ಹಾಡು ಹಾಕುತ್ತಿದ್ದೆ. ಇಲ್ಲಿ ಅದು ಆಗುವುದಿಲ್ಲ. ಹಾಡಿನ ಹೆಸರು ಬಂದ ಕಡೆ ನಿಲ್ಲಿಸಿ, ಕೇಳಿಕೊಂಡು ಮುಂದೆ ಓದಿದರೆ ಒಳ್ಳೆಯದು.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಫುಟ್‌ಬಾಲ್ ನೋಡುವವರು ಯಾರಿದ್ದೀರಿ? ಸರಿ, ಹಾಗಾದರೆ ಆ ರಾಗ ನಿಮಗೆ ಗೊತ್ತಿರುತ್ತದೆ. ಗೋಲ್ ಹೊಡೆದಾಗ ಇಡೀ ಸ್ಟೇಡಿಯಂ ಓ ಓ ಓ ಎಂದು ಒಟ್ಟಿಗೆ ಗುನುಗುತ್ತದಲ್ಲ, ಅದು. ಅದು ವೈಟ್ ಸ್ಟ್ರೈಪ್ಸ್ ಬ್ಯಾಂಡಿನ 'ಸೆವೆನ್ ನೇಷನ್ ಆರ್ಮಿ', 2003ರ ಹಾಡು. ಅದನ್ನು ಕೆಳಸ್ವರಗಳ ಬೇಸ್ ಗಿಟಾರಿನಲ್ಲಿ ನುಡಿಸಿದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಆ ಬ್ಯಾಂಡಿನಲ್ಲಿ ಇದ್ದವರೇ ಇಬ್ಬರು, ಬೇಸ್ ನುಡಿಸುವವರು ಯಾರೂ ಇರಲಿಲ್ಲ. ಜ್ಯಾಕ್ ವೈಟ್ ಗಿಟಾರಿನ ಸ್ವರವನ್ನು ಕಾಲಲ್ಲಿ ಒತ್ತುವ ಪೆಡಲ್ ಮೂಲಕ ಒಂದು ಸ್ಥಾಯಿ ಕೆಳಗಿಳಿಸಿ ನುಡಿಸಿದ, ಅಷ್ಟೇ. ನೋಡಿ ಎಂಥ ಹಣೆಬರಹ. ಇಷ್ಟೊಂದು ಜನ ಬಾಯಿಬಿಟ್ಟು ಹಾಡುವ ಬೇಸ್ ರಾಗ ಒಂದಿದೆ, ಅದೂ ಗಿಟಾರ್‌ನವನ ಲೆಕ್ಕಕ್ಕೆ ಹೋಯಿತು.

ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ವಿಷಯ. ರಾಕ್‌ನಲ್ಲಿ, ಅದರಲ್ಲೂ 1978ರ ಆಚೀಚೆ ಇಂಗ್ಲೆಂಡಿನಲ್ಲಿ ಪಂಕ್ ಅನ್ನುವ ಒರಟು ರಾಕ್‌ನ ಬೆನ್ನಿಗೇ ಹುಟ್ಟಿದ ಪೋಸ್ಟ್-ಪಂಕ್‌ನಲ್ಲಿ, ಎಷ್ಟೋ ಹಾಡುಗಳ ನಿಜವಾದ ರಾಗ ಇರುವುದು ಬೇಸಿನಲ್ಲಿ. ಆದರೆ ಕಿವಿಯ ಲೆಕ್ಕದಲ್ಲಿ, ಹೆಸರಿನ ಲೆಕ್ಕದಲ್ಲಿ, ದುಡ್ಡಿನ ಲೆಕ್ಕದಲ್ಲಿ ಅದು ಪಕ್ಕವಾದ್ಯ. ಈ ಮೂರೂ ಲೆಕ್ಕ ತಪ್ಪು ಅನ್ನುವುದು ನನ್ನ ವಾದ. ಇನ್ನೊಂದು ಮಾತು, ಇವತ್ತು ಎಲ್ಲರನ್ನೂ ಏಕವಚನದಲ್ಲೇ ಕರೆಯುತ್ತೇನೆ. ಆಗ ಅವರೆಲ್ಲ 20ರ ಆಸುಪಾಸಿನ ಹುಡುಗ ಹುಡುಗಿಯರು, ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಕಿವಿಯ ಲೆಕ್ಕ. ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ಗಿಟಾರಿನ ದಪ್ಪ ತಂತಿಗಳು ನಾಲ್ಕು ಇವೆಯಲ್ಲ, ಅದೇ ಸ್ವರಗಳು, ಒಂದು ಸ್ಥಾಯಿ ಕೆಳಗೆ. 1951ರಲ್ಲಿ ಲಿಯೋ ಫೆಂಡರ್ ಅಮೆರಿಕದಲ್ಲಿ ಫ್ರೆಟ್, ಅಂದರೆ ಸ್ವರದ ಜಾಗ ತೋರಿಸುವ ಅಡ್ಡಪಟ್ಟಿ ಇರುವ, ಹೆಗಲಿಗೆ ನೇತುಹಾಕಿಕೊಳ್ಳುವ ಬೇಸ್ ಮಾರಾಟಕ್ಕೆ ತಂದ. ಅಲ್ಲಿಯವರೆಗೆ ಬ್ಯಾಂಡಿನವರು ಆಳೆತ್ತರದ ಡಬಲ್ ಬೇಸನ್ನು ಊರೂರಿಗೆ ಹೊತ್ತುಕೊಂಡು ತಿರುಗಬೇಕಿತ್ತು. ಈ ಬೇಸಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಜ್. ಅಂದರೆ ಸೆಕೆಂಡಿಗೆ 41 ಸಲ ಅದುರುತ್ತದೆ. ಗಾಳಿಯಲ್ಲಿ ಆ ಅಲೆಯ ಉದ್ದ 8 ಮೀಟರಿಗಿಂತ ಜಾಸ್ತಿ. ಈಗ ನಿಮ್ಮ ಫೋನ್ ತೆಗೆದು ಅದರ ಸ್ಪೀಕರ್ ಎಷ್ಟು ದೊಡ್ಡದಿದೆ ನೋಡಿ. 200 ಹರ್ಟ್ಜ್‌ಗಿಂತ ಕೆಳಗೆ ಬಂದರೆ ಅದಕ್ಕೆ ಉಸಿರೇ ಹೊರಡುವುದಿಲ್ಲ. ಮೂಲ ಸ್ವರ ಬರದಿದ್ದರೂ ಅದರ ಮೇಲಿನ ಉಪಸ್ವರಗಳು ಬರುತ್ತವೆ, ಅದನ್ನು ಹಿಡಿದುಕೊಂಡು ನಮ್ಮ ಮೆದುಳು ಇಲ್ಲದ ಕೆಳಸ್ವರವನ್ನು ಊಹಿಸಿಕೊಳ್ಳುತ್ತದೆ. ಸುಮ್ನೆ ಅಲ್ಲ, ಇದು ನಿಜವಾಗಿಯೂ ನಡೆಯುವ ವಿಷಯ. ಹಾಗಾಗಿ ಫೋನಿನಲ್ಲಿ ಬೇಸ್ ಕೇಳುತ್ತೇವೆ ಅನ್ನುವುದು ಅರ್ಧ ನಮ್ಮದೇ ಕಲ್ಪನೆ.

ನಮ್ಮಲ್ಲಿ ಭದ್ರಾವತಿ ಆಕಾಶವಾಣಿ ಕೇಳಿ ಬೆಳೆದವರ ಪಾಡೂ ಅದೇ. ಅಂಗೈಯಗಲದ ಟ್ರಾನ್ಸಿಸ್ಟರಿನಲ್ಲಿ ಕೆಳಸ್ವರ ಎಲ್ಲಿಂದ ಬರಬೇಕು? ಈಗ ಅದರ ತದ್ವಿರುದ್ಧ ಆಗಿದೆ. ಗಣಪತಿ ಮೆರವಣಿಗೆಯ ಡಿಜೆ ಬಂತು ಅಂದರೆ ಕಿಟಕಿ ಗಾಜು ನಡುಗುತ್ತದೆ, ಎದೆ ಗುದ್ದುತ್ತದೆ, ಬೇಸ್ ಅಂದರೆ ಇದೇ ಅಂತ ಹುಡುಗರು ಕುಣಿಯುತ್ತಾರೆ. ಕುಣಿಯಲಿ, ನನ್ನದೇನೂ ತಕರಾರಿಲ್ಲ. ಆದರೆ ಅಲ್ಲಿರುವುದು ಬರೀ ಗುದ್ದು. ನಾನು ಹೇಳುತ್ತಿರುವ ಬೇಸ್ ನಡೆಯುತ್ತದೆ, ಹತ್ತುತ್ತದೆ, ಇಳಿಯುತ್ತದೆ, ಕೆಲವೊಮ್ಮೆ ಬೇಕೆಂದೇ ಬಾಯಿ ಮುಚ್ಚಿಕೊಂಡು ನಿಲ್ಲುತ್ತದೆ.

ನಡೆಯುತ್ತದೆ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಚೇರಿಗಳಲ್ಲಿ ತಂಬೂರಿ ಷಡ್ಜ ಪಂಚಮದಲ್ಲೇ ಇರುತ್ತದೆ, ಕದಲುವುದಿಲ್ಲ, ಅದೇ ಅದರ ಬೆಲೆ. ರಾಕ್‌ನಲ್ಲಿ ತಳವೇ ಜಾಗ ಬದಲಿಸುತ್ತದೆ. ಹಾಡುವವನು ಷಡ್ಜ ಹಿಡಿದು ನಿಂತಿದ್ದಾನೆ ಅಂದುಕೊಳ್ಳಿ. ಬೇಸ್ ಕೂಡ ಷಡ್ಜದಲ್ಲಿದ್ದರೆ ಆ ಸ್ವರ ನೆಮ್ಮದಿಯಾಗಿ ಕೂತಂತೆ ಕೇಳುತ್ತದೆ. ಹಾಡುವವನು ಒಂಚೂರೂ ಅಲ್ಲಾಡದೆ ಹಾಗೇ ನಿಂತಿರುವಾಗ ಬೇಸ್ ಕೆಳಗಿನ ಚತುಶ್ರುತಿ ಧೈವತಕ್ಕೆ ಜಾರಿದರೆ, ಅದೇ ಗಂಟಲು, ಅದೇ ಸ್ವರ, ಇದ್ದಕ್ಕಿದ್ದಂತೆ ದುಃಖದ್ದಾಗುತ್ತದೆ. ಜನ ಗಾಯಕನಿಗೆ ಚಪ್ಪಾಳೆ ತಟ್ಟುತ್ತಾರೆ. ಕೆಲಸ ಮಾಡಿದ್ದು ಮೂಲೆಯಲ್ಲಿ ನಿಂತವನು.

ಈಗ ಪೀಟರ್ ಹುಕ್. ಮೊದಲು ಜಾಯ್ ಡಿವಿಷನ್, ಆಮೇಲೆ ನ್ಯೂ ಆರ್ಡರ್ ಬ್ಯಾಂಡಿನ ಬೇಸ್ ವಾದಕ. ಇವನನ್ನು ಯಾರೂ ಕಡೆಗಣಿಸಿಲ್ಲ, ಅವನಿಗೆ ಹೆಸರಿದೆ, ಸ್ವಲ್ಪ ಜಾಸ್ತಿಯೇ ಇದೆ. ಆದರೂ ಇವನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅವನಿಗೆ ಹೆಸರು ಬಂದ ದಾರಿಯೇ ನನ್ನ ವಾದಕ್ಕೆ ಸಾಕ್ಷಿ. 1976ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಅನ್ನುವ ಪಂಕ್ ಬ್ಯಾಂಡಿನ ಕಾರ್ಯಕ್ರಮ ನೋಡಿ, ಮಾರನೇ ದಿನವೇ ಹೋಗಿ ಬೇಸ್ ಕೊಂಡುಕೊಂಡ. ನುಡಿಸಲು ಬರುತ್ತಿರಲಿಲ್ಲ. ಅವನ ಆ್ಯಂಪ್, ಅಂದರೆ ಸದ್ದು ಹಿಗ್ಗಿಸುವ ಪೆಟ್ಟಿಗೆ, ಕಳಪೆ. ಪಕ್ಕದಲ್ಲಿ ಬರ್ನಾರ್ಡ್ ಸಮ್ನರ್‌ನ ಗಿಟಾರ್ ಜೋರು. ಕೆಳಗಿನ ತಂತಿ ನುಡಿಸಿದರೆ ಅವನಿಗೇ ಅವನ ಸದ್ದು ಕೇಳಿಸುತ್ತಿರಲಿಲ್ಲ. ಅದಕ್ಕೆ ಮೇಲಿನ ತಂತಿಗಳಿಗೆ, ಕುತ್ತಿಗೆಯ ಆಚೆ ತುದಿಗೆ ಹೋದ. ಅಲ್ಲಿ ಸದ್ದು ತೆಳ್ಳಗೆ, ಹಾಡಿದ ಹಾಗೆ ಬರುತ್ತದೆ. ಬ್ಯಾಂಡಿನ ಗಾಯಕ ಇಯಾನ್ ಕರ್ಟಿಸ್‌ಗೆ ಅದು ಇಷ್ಟವಾಯಿತು, ಹಾಗೇ ನುಡಿಸು ಅಂದ. 1979ರ 'ಅನ್‌ನೋನ್ ಪ್ಲೆಷರ್ಸ್' ಆಲ್ಬಂ ಕೇಳಿ, 1980ರ 'ಲವ್ ವಿಲ್ ಟೇರ್ ಅಸ್ ಅಪಾರ್ಟ್' ಕೇಳಿ. ಕೇಳಿದ ಮೇಲೆ ನೀವು ಗುನುಗುವುದರಲ್ಲಿ ಅರ್ಧ ಹುಕ್‌ನ ಬೇಸೇ.

ಅಂದರೆ ಅವನು ಯಾಕೆ ಎಲ್ಲರ ಕಿವಿಗೆ ಬಿದ್ದ? ಬೇಸ್ ಇರಬೇಕಾದ ಜಾಗ ಬಿಟ್ಟು ಮೇಲೆ ಬಂದದ್ದಕ್ಕೆ. ಫೋನಿನಲ್ಲೂ ಕೇಳುತ್ತದೆ, ಬಸ್ಸಿನಲ್ಲೂ ಕೇಳುತ್ತದೆ. ತನ್ನ ಜಾಗದಲ್ಲೇ ಉಳಿದವರು ಕೇಳಿಸಲಿಲ್ಲ.

ಹಾಗೆ ಉಳಿದವನು ಜಾ ವಾಬಲ್. ಪಬ್ಲಿಕ್ ಇಮೇಜ್ ಲಿಮಿಟೆಡ್ ಬ್ಯಾಂಡಿನ ಮೊದಲ ಬೇಸ್ ವಾದಕ. ಲಂಡನ್ನಿನ ಈಸ್ಟ್ ಎಂಡ್ ಹುಡುಗ, ನಿಜವಾದ ಹೆಸರು ಜಾನ್ ವಾರ್ಡಲ್. ಸೆಕ್ಸ್ ಪಿಸ್ಟಲ್ಸ್ ಒಡೆದ ಮೇಲೆ ಅದರ ಗಾಯಕ ಜಾನ್ ಲೈಡನ್ ಹೊಸ ಬ್ಯಾಂಡ್ ಕಟ್ಟುವಾಗ ಗೆಳೆಯ ಅಂತ ಇವನನ್ನು ಕರೆದ. ಇವನು ಆಗಷ್ಟೇ ಕಲಿಯುತ್ತಿದ್ದ. ಕೇಳುತ್ತಿದ್ದದ್ದು ಜಮೈಕಾದ ರೆಗೆ ಮತ್ತು ಡಬ್ ಸಂಗೀತ. ಅಲ್ಲಿ ಬೇಸೇ ಯಜಮಾನ, ಗಿಟಾರ್ ಅಂದರೆ ಆಗೊಮ್ಮೆ ಈಗೊಮ್ಮೆ ಚಕ್ ಅನ್ನುವ ಸದ್ದು. ಆ ಪಾಠವನ್ನು ವಾಬಲ್ ಹಾಗೆಹಾಗೇ ತಂದು ಇಂಗ್ಲೆಂಡಿನ ಚಳಿಯಲ್ಲಿ ನೆಟ್ಟ. 1979ರ 'ಮೆಟಲ್ ಬಾಕ್ಸ್' ಆಲ್ಬಮ್ಮಿನ ಮೊದಲ ಹಾಡು 'ಆಲ್ಬಟ್ರಾಸ್' 10 ನಿಮಿಷ ದಾಟುತ್ತದೆ. ಬೇಸ್ ಹೆಚ್ಚುಕಡಿಮೆ ಒಂದೇ ಸುತ್ತು ಸುತ್ತುತ್ತಲೇ ಇರುತ್ತದೆ. ಗಿಟಾರ್ ಮೇಲೆ ಎಲ್ಲೋ ಗಾಜು ಗೀಚಿದ ಹಾಗೆ ಕಿರುಚಿಕೊಂಡಿರುತ್ತದೆ, ಲೈಡನ್ ಗೊಣಗುತ್ತಿರುತ್ತಾನೆ, ನೀವು ಹಿಡಿದುಕೊಳ್ಳಲು ಇರುವುದು ಆ ಬೇಸ್ ಒಂದೇ.

ಈ ಆಲ್ಬಂ ಹೊರಬಂದ ರೀತಿಯಲ್ಲೂ ಒಂದು ಮಜಾ ಇದೆ. ಫಿಲ್ಮ್ ರೀಲಿನ ಡಬ್ಬಿಯಂಥ ದುಂಡನೆಯ ಲೋಹದ ಡಬ್ಬಿ, ಅದರೊಳಗೆ ಮೂರು 12 ಇಂಚಿನ ತಟ್ಟೆ, ತಿರುಗುವ ವೇಗ ನಿಮಿಷಕ್ಕೆ 45. ಚಂದ ಕಾಣಲಿ ಅಂತ ಮಾತ್ರ ಹೀಗೆ ಮಾಡಿದ್ದಲ್ಲ. ಗ್ರಾಮಫೋನ್ ತಟ್ಟೆಯಲ್ಲಿ ಕೆಳಸ್ವರ ಕೆತ್ತಲು ಅಗಲವಾದ ಗೀರು ಬೇಕು. ಒಂದೇ ಬದಿಗೆ 20 ನಿಮಿಷಕ್ಕಿಂತ ಜಾಸ್ತಿ ಹಾಡು ತುರುಕಿದರೆ ಅಷ್ಟು ಅಗಲ ಸಿಗುವುದಿಲ್ಲ, ಬೇಸ್ ತಗ್ಗಿಸಲೇಬೇಕು. ಬದಿಗೆ ಕಡಿಮೆ ಹಾಡು, ಜಾಸ್ತಿ ವೇಗ ಅಂದರೆ ಬೇಸಿಗೆ ಜಾಗ. ಒಬ್ಬ ಬೇಸ್ ವಾದಕನ ಸ್ವರಕ್ಕೆ ಒಂದು ಡಬ್ಬಿ, ಮೂರು ತಟ್ಟೆ ಖರ್ಚು ಮಾಡಿದ್ದಾರೆ, ನನಗೆ ಇದು ಬಹಳ ಇಷ್ಟ. ಮುಂದಿನ ವರ್ಷ ಅದನ್ನೇ ಮಾಮೂಲಿ ಎರಡು ತಟ್ಟೆಗೆ ಇಳಿಸಿ ಮತ್ತೆ ಬಿಟ್ಟರು. ವಾಬಲ್ 1980ರಲ್ಲೇ ಬ್ಯಾಂಡ್ ಬಿಟ್ಟ. ಆಮೇಲೆ ಒಂದಷ್ಟು ಕಾಲ ಲಂಡನ್ನಿನ ನೆಲದಡಿಯ ರೈಲ್ವೆಯಲ್ಲಿ ಕೆಲಸ ಮಾಡಿದ. ಮತ್ತೆ ಸಂಗೀತಕ್ಕೆ ಬಂದ, ಈಗಲೂ ನುಡಿಸುತ್ತಾನೆ.

ಇವರ ಜತೆಗೇ ಇನ್ನೂ ಒಂದು ದಂಡು ಇದೆ, ಬೇಗ ಹೇಳಿ ಮುಗಿಸುತ್ತೇನೆ. ಸ್ಲಿಟ್ಸ್ ಬ್ಯಾಂಡಿನ ಟೆಸ್ಸಾ ಪಾಲಿಟ್. 1979ರ 'ಕಟ್' ಆಲ್ಬಮ್ಮಿನಲ್ಲಿ ಅವಳ ಬೇಸ್ ನುಣುಪಾಗಿ, ಆರಾಮಾಗಿ ಹೋಗುತ್ತಿರುತ್ತದೆ, ಮೇಲೆ ಉಳಿದವರು ಕೂಗಾಡುತ್ತಿರುತ್ತಾರೆ. ಗ್ಯಾಂಗ್ ಆಫ್ ಫೋರ್‌ನ ಡೇವ್ ಆಲೆನ್. 'ಡ್ಯಾಮೇಜ್ಡ್ ಗೂಡ್ಸ್' ಹಾಡಿನಲ್ಲಿ ಅವನನ್ನು ಕೇಳಿ. 2025ರಲ್ಲಿ ತೀರಿಕೊಂಡ. ಕ್ಯೂರ್ ಬ್ಯಾಂಡಿನ ಸೈಮನ್ ಗ್ಯಾಲಪ್. 'ಎ ಫಾರೆಸ್ಟ್' ಹಾಡನ್ನು ವೇದಿಕೆಯಲ್ಲಿ ನುಡಿಸುವಾಗ ಕೊನೆಗೆ ಬೇಸ್ ಒಂದೇ ಉಳಿಯುತ್ತದೆ, ಜನ ಅದಕ್ಕೆ ತಾಳ ಹಾಕುತ್ತಾರೆ. ಆಗುಂಬೆ ಘಾಟಿಯಲ್ಲಿ ಮಂಜು ಬಿದ್ದಾಗ ಆ ಹಾಡು ಕೇಳಿ ಅಂತ ಹೇಳಬೇಕೆನ್ನಿಸುತ್ತದೆ, ಆದರೆ ಗಾಡಿ ಓಡಿಸುವವರು ಕೇಳಬೇಡಿ, ತಿರುವು ಜಾಸ್ತಿ.

ಇನ್ನು ಹೆಸರಿನ ಲೆಕ್ಕ. ಟೀನಾ ವೇಮತ್, ಟಾಕಿಂಗ್ ಹೆಡ್ಸ್ ಬ್ಯಾಂಡ್, ನ್ಯೂಯಾರ್ಕ್. ಹಾಡುವ ಡೇವಿಡ್ ಬರ್ನ್ ಮತ್ತು ಡ್ರಮ್ ಬಾರಿಸುವ ಕ್ರಿಸ್ ಫ್ರಾಂಟ್ಜ್‌ಗೆ ಬೇಸ್ ನುಡಿಸುವವರು ಸಿಗಲಿಲ್ಲ, ಫ್ರಾಂಟ್ಜ್‌ನ ಒತ್ತಾಯಕ್ಕೆ ಅವಳು ಕಲಿತಳು. 1977ರ 'ಸೈಕೋ ಕಿಲ್ಲರ್' ಶುರುವಿನಲ್ಲಿ ಬರುವ ಬೇಸ್ ಇದೆಯಲ್ಲ, ಒಂದೇ ಸ್ವರವನ್ನು ಹೆಜ್ಜೆ ಹಾಕಿದಂತೆ ಎಣಿಸಿ ಎಣಿಸಿ ಇಟ್ಟು, ಕೊನೆಗೆ ಸಣ್ಣ ತಿರುವು. ಕಲಿಯುವವರಿಗೆ ಇದಕ್ಕಿಂತ ಸುಲಭದ್ದು ಸಿಗಲಿಕ್ಕಿಲ್ಲ. ಹೊಳೆಯುವುದು ಮಾತ್ರ ಸುಲಭ ಅಲ್ಲ. 1980ರ 'ರಿಮೇನ್ ಇನ್ ಲೈಟ್' ಆಲ್ಬಂ ಇಡೀ ಬ್ಯಾಂಡ್ ಕೂತು ಗಂಟೆಗಟ್ಟಲೆ ನುಡಿಸಿ, ಆ ತುಣುಕುಗಳ ಮೇಲೆ ಕಟ್ಟಿದ್ದು. ತಾಳ ಮತ್ತು ಬೇಸ್ ಇಲ್ಲದಿದ್ದರೆ ಅಲ್ಲಿ ಹಾಡೇ ಇಲ್ಲ. ಮೊದಲು ಅಚ್ಚಾದ ಹೊದಿಕೆಯಲ್ಲಿ ರಚನೆಯ ಹೆಸರು ಮುಖ್ಯವಾಗಿ ಬರ್ನ್ ಮತ್ತು ಆಲ್ಬಂ ನಿರ್ಮಾಪಕ ಬ್ರಯನ್ ಈನೋ ಅವರದು. ಉಳಿದವರು ಸಿಟ್ಟಾದರು, ನಂತರದ ಮುದ್ರಣಗಳಲ್ಲಿ ಎಲ್ಲರ ಹೆಸರೂ ಬಂತು. ಅಷ್ಟರಲ್ಲಿ ಟೀನಾ ಮತ್ತು ಫ್ರಾಂಟ್ಜ್ ಟಾಮ್ ಟಾಮ್ ಕ್ಲಬ್ ಕಟ್ಟಿ 1981ರಲ್ಲಿ 'ಜೀನಿಯಸ್ ಆಫ್ ಲವ್' ಮಾಡಿದ್ದರು. 1995ರಲ್ಲಿ ಮರಾಯಾ ಕ್ಯಾರಿ ತನ್ನ 'ಫ್ಯಾಂಟಸಿ' ಹಾಡನ್ನು ಅದರ ಮೇಲೆಯೇ ಕಟ್ಟಿದಳು.

ದುಡ್ಡಿನ ಲೆಕ್ಕಕ್ಕೆ ಬಂದರೆ ಆಂಡಿ ರೂರ್ಕ್. ನಾನು ಈ ಉಪನ್ಯಾಸಕ್ಕೆ ಒಪ್ಪಿಕೊಂಡದ್ದೇ ಇವನ ಬಗ್ಗೆ ಮಾತಾಡಲು ಅಂದರೂ ತಪ್ಪಿಲ್ಲ.

ಅವನ ಬ್ಯಾಂಡ್ ಸ್ಮಿತ್ಸ್ ಅಂದರೆ ಎಲ್ಲರಿಗೂ ಗಾಯಕ ಮಾರಿಸ್ಸಿಯ ಮಾತು, ಜಾನಿ ಮಾರ್‌ನ ಗಿಟಾರ್. ರೂರ್ಕ್ ಮಾರ್‌ನ ಶಾಲೆಯ ಗೆಳೆಯ, ಮೊದಲು ಗಿಟಾರ್ ನುಡಿಸುತ್ತಿದ್ದ, ಆಮೇಲೆ ಬೇಸಿಗೆ ಬಂದ. ಅದು ಅವನ ಬೆರಳಲ್ಲಿ ಉಳಿದಿದೆ. 1983ರ 'ದಿಸ್ ಚಾರ್ಮಿಂಗ್ ಮ್ಯಾನ್' ಹಾಕಿ. ಮಾರ್‌ನ ಗಿಟಾರ್ ಮಿಂಚುತ್ತದೆ, ನಿಜ, ಒಪ್ಪಿದೆ. ಈಗ ಎರಡನೇ ಸಲ ಹಾಕಿ, ಗಿಟಾರ್ ಮರೆತು ಕೆಳಗೆ ಏನು ನಡೆಯುತ್ತಿದೆ ಕೇಳಿ. ಅಲ್ಲಿ ಇನ್ನೊಂದು ಹಾಡೇ ಇದೆ. ಪುಟಿಯುತ್ತಾ, ಮಾರಿಸ್ಸಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಒಂದು ಮಾತು ಸೇರಿಸುತ್ತಾ ಹೋಗುತ್ತದೆ. 1985ರ 'ಬಾರ್ಬರಿಸಂ ಬಿಗಿನ್ಸ್ ಅಟ್ ಹೋಮ್' ಸುಮಾರು 7 ನಿಮಿಷ ಇದೆ. ಅದರಲ್ಲಿ ಬೇಸ್ ತೆಗೆದುಬಿಟ್ಟರೆ ನನ್ನ ಪ್ರಕಾರ ಉಳಿಯುವುದು ಬರೀ ಮನೆಯಲ್ಲಿ ಹೊಡೆಸಿಕೊಂಡ ಹುಡುಗನ ದೂರು.

ಆದರೆ ಹಾಡುಗಳ ಕೆಳಗೆ ಹೆಸರು ಎರಡೇ, ಮಾರಿಸ್ಸಿ ಮತ್ತು ಮಾರ್. ರೆಕಾರ್ಡ್ ಕಂಪನಿಯ ಕರಾರಿಗೆ ಸಹಿ ಹಾಕಿದವರೂ ಅವರಿಬ್ಬರೇ. ರಚನೆಯ ದುಡ್ಡು ಹೋಗಲಿ ಬಿಡಿ, ನುಡಿಸಿದ್ದಕ್ಕೆ ಬರುವ ದುಡ್ಡಿನಲ್ಲೂ ಅವರಿಬ್ಬರಿಗೆ ತಲಾ 40, ರೂರ್ಕ್‌ಗೂ ಡ್ರಮ್ಮರ್ ಮೈಕ್ ಜಾಯ್ಸ್‌ಗೂ ತಲಾ 10 ಶೇಕಡಾ. 1987ರಲ್ಲಿ ಬ್ಯಾಂಡ್ ಮುರಿಯಿತು. ರೂರ್ಕ್, ಜಾಯ್ಸ್ ಇಬ್ಬರೂ ಕೋರ್ಟಿಗೆ ಹೊರಟರು. ರೂರ್ಕ್ ಸಾಲದಲ್ಲಿದ್ದ, ಕಾಯುವ ಸ್ಥಿತಿಯಲ್ಲಿ ಇರಲಿಲ್ಲ. 83,000 ಪೌಂಡ್ ಒಟ್ಟಿಗೆ, ಮುಂದೆಯೂ ಅದೇ 10 ಶೇಕಡಾ, ಅಷ್ಟಕ್ಕೆ ರಾಜಿಯಾದ. ಜಾಯ್ಸ್ ಕಾದ. 1996ರಲ್ಲಿ ಲಂಡನ್ನಿನ ನ್ಯಾಯಾಲಯ ನಾಲ್ವರೂ ಸಮಾನ ಪಾಲುದಾರರು, ಜಾಯ್ಸ್‌ಗೆ ಕಾಲು ಭಾಗ ಸಲ್ಲಬೇಕು ಎಂದು ತೀರ್ಪು ಕೊಟ್ಟಿತು. ಮಾರಿಸ್ಸಿ ಮೇಲ್ಮನವಿ ಹಾಕಿ ಅಲ್ಲಿಯೂ ಸೋತ. ಜಾಯ್ಸ್‌ಗೆ ಸಿಕ್ಕಿತು, ರೂರ್ಕ್‌ಗೆ ಇಲ್ಲ, ಅವನು ಆಗಲೇ ರಾಜಿಪತ್ರಕ್ಕೆ ಸಹಿ ಹಾಕಿಬಿಟ್ಟಿದ್ದ. ಜಮೀನು ಪಾಲಿನ ವ್ಯಾಜ್ಯ ನೋಡಿದ ಯಾರಿಗೂ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಕೈಯಲ್ಲಿ ಕಾಸಿಲ್ಲದವನೇ ಮೊದಲು ಸಹಿ ಹಾಕುವುದು. ರೂರ್ಕ್ 2023ರ ಮೇ ತಿಂಗಳಲ್ಲಿ ಕ್ಯಾನ್ಸರ್‌ನಿಂದ ಹೋದ, 59 ವರ್ಷ.

ಎಲ್ಲ ಕಡೆ ಹೀಗೇ ಅಂತಲ್ಲ. ಜಾಯ್ ಡಿವಿಷನ್ ಹಾಡುಗಳಿಗೆ ಇಡೀ ಬ್ಯಾಂಡಿನ ಹೆಸರೇ ಇದೆ. ಅಮೆರಿಕದ ಆರ್.ಇ.ಎಂ. ಬ್ಯಾಂಡಿನಲ್ಲಿ 1997ರವರೆಗೆ ನಾಲ್ಕು ಜನ, ಅಲ್ಲಿಯವರೆಗೆ ಅವರ ಹಾಡುಗಳಿಗೆ ನಾಲ್ವರ ಹೆಸರು. ಅಲ್ಲಿ ಬೇಸ್ ನುಡಿಸುತ್ತಿದ್ದ ಮೈಕ್ ಮಿಲ್ಸ್, ಹಿಂದೆ ನಿಂತು ಎರಡನೇ ದನಿಯನ್ನೂ ಹಾಡುತ್ತಿದ್ದ. ಆ ಬ್ಯಾಂಡ್ ಮೂವತ್ತು ವರ್ಷ ನಡೆಯಿತು. ಸ್ಮಿತ್ಸ್ ಐದು ವರ್ಷ. ಇದಕ್ಕೆ ಅದೇ ಕಾರಣ ಅನ್ನಲಾರೆ, ಆದರೂ ನನಗೆ ಅನುಮಾನ ಇದ್ದೇ ಇದೆ.

ಸ್ಟೀವ್ ಹ್ಯಾನ್ಲಿಯದು ಬೇರೆಯೇ ಕಥೆ. ಫಾಲ್ ಬ್ಯಾಂಡ್, ಮ್ಯಾಂಚೆಸ್ಟರ್. ಅಲ್ಲಿ ಗಾಯಕ ಮಾರ್ಕ್ ಇ. ಸ್ಮಿತ್ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಬಂದರು, ಹೋದರು. 60ಕ್ಕಿಂತ ಜಾಸ್ತಿ ಜನ! ಅಂಥ ಜಾಗದಲ್ಲಿ ಹ್ಯಾನ್ಲಿ 1979ರಿಂದ 1998ರವರೆಗೆ ನಿಂತ. 'ಟೋಟಲಿ ವೈರ್ಡ್', 'ಹಿಪ್ ಪ್ರೀಸ್ಟ್' ಕೇಳಿ. ಸ್ಮಿತ್ ಹಾಡುವುದಿಲ್ಲ, ಬೈಯುತ್ತಾನೆ. ರಾಗ ಇರುವುದು ಬೇಸಿನಲ್ಲಿ ಮಾತ್ರ, ಅದೂ ಒರಟು ರಾಗ, ಬೇಸರವಿಲ್ಲದೆ ಅದನ್ನೇ ಮತ್ತೆ ಮತ್ತೆ ನುಡಿಸುವ ಹಟ. 1998ರಲ್ಲಿ ನ್ಯೂಯಾರ್ಕಿನ ವೇದಿಕೆಯ ಮೇಲೆಯೇ ಹೊಡೆದಾಟವಾಗಿ ಬಿಟ್ಟುಹೋದ. ಈ ಪಟ್ಟಿಯಲ್ಲಿ ನಿಜವಾಗಿ ಯಾರೂ ಹೆಸರೆತ್ತದವನು ಅಂದರೆ ನನ್ನ ಪಾಲಿಗೆ ಹ್ಯಾನ್ಲಿ.

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ ಇಷ್ಟಪಡುವ ಹುಡುಗರು ಹಿಂದಿನ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದೀರಿ. ಸರಿ, ಜೇಸನ್ ನ್ಯೂಸ್ಟೆಡ್. 1986ರಲ್ಲಿ ಸ್ವೀಡನ್ನಿನಲ್ಲಿ ಬಸ್ ಅಪಘಾತವಾಗಿ ಅವರ ಬೇಸ್ ವಾದಕ ಕ್ಲಿಫ್ ಬರ್ಟನ್ ಸತ್ತ, ಅವನ ಜಾಗಕ್ಕೆ ಇವನು ಬಂದ. 1988ರ '...ಆ್ಯಂಡ್ ಜಸ್ಟಿಸ್ ಫಾರ್ ಆಲ್' ಆಲ್ಬಮ್ಮಿನಲ್ಲಿ ಇವನು ನುಡಿಸಿದ್ದಾನೆ, ಆದರೆ ಕೇಳಿಸುವುದೇ ಇಲ್ಲ. ಬೇಸ್ ತಗ್ಗಿಸಲು ಬ್ಯಾಂಡಿನವರೇ ಹೇಳಿದರು ಎಂದು ಮಿಕ್ಸಿಂಗ್ ಮಾಡಿದವರಲ್ಲಿ ಒಬ್ಬ ಆಮೇಲೆ ಸಂದರ್ಶನಗಳಲ್ಲಿ ಹೇಳಿದ್ದಾನೆ. ಅಭಿಮಾನಿಗಳೇ ಬೇಸ್ ಏರಿಸಿ ಮಾಡಿದ ಆವೃತ್ತಿಗಳು ಈಗ ಸಿಗುತ್ತವೆ. ಹುಡುಕಿ ಕೇಳಿ, ಅದು ಬೇರೆಯೇ ಆಲ್ಬಂ.

ನಮ್ಮೂರಿಗೆ ಬರೋಣ. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್ ಕಂಡರೆ ನಿಮ್ಮ ಪುಣ್ಯ. ಕೀಬೋರ್ಡಿನವನು ಎಡಗೈಯಲ್ಲಿ ಬೇಸ್ ನೋಡಿಕೊಳ್ಳುತ್ತಾನೆ, ಒಂದು ಸಂಬಳ ಉಳಿಯಿತು. ಪಾಪ, ಅವನ ಬಲಗೈ ಪಿಟೀಲು, ಕೊಳಲು, ಸಿತಾರು ಎಲ್ಲ ಆಗಬೇಕು, ಎಡಗೈಗೆ ಉಳಿಯುವ ಗಮನ ಎಷ್ಟು? ಆದರೆ ನಮ್ಮ ಕಿವಿಗೆ ಒಳ್ಳೆಯ ಬೇಸ್ ಹೊಸದೇನಲ್ಲ. ಶಂಕರ್ ನಾಗ್ ನಿರ್ದೇಶಿಸಿದ 1981ರ 'ಗೀತಾ', ಮಣಿರತ್ನಂ ಮೊದಲ ಸಿನಿಮಾ 1983ರ 'ಪಲ್ಲವಿ ಅನುಪಲ್ಲವಿ', ಎರಡಕ್ಕೂ ಇಳಯರಾಜ ಸಂಗೀತ. 'ಜೊತೆಯಲಿ' ಹಾಡನ್ನು ನಾವೆಲ್ಲ ನೂರು ಸಲ ಕೇಳಿದ್ದೇವೆ. ಇವತ್ತು ಮನೆಗೆ ಹೋಗಿ ಇಯರ್‌ಫೋನ್ ಹಾಕಿಕೊಂಡು, ಎಸ್ಪಿಬಿಯನ್ನೂ ಜಾನಕಿಯಮ್ಮನನ್ನೂ ಒಂದು ಸಲಕ್ಕೆ ಪಕ್ಕಕ್ಕಿಟ್ಟು, ಬರೀ ಕೆಳಗಿನ ಸ್ವರಗಳ ಬೆನ್ನು ಹತ್ತಿ ಕೇಳಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಯಕ್ಷಗಾನದ ಹಿಮ್ಮೇಳದಲ್ಲಿ ಕೂತು ಅಭ್ಯಾಸ ಇರುವ ಹಿರಿಯರೊಬ್ಬರು ಕೇಳಿದರು, "ಹಂಗಾದ್ರೆ ನಮ್ಮ ಮದ್ದಳೆನೂ ಇದೇ ಪೈಕಿನಾ ಮಾರಾಯ್ರೆ? ಚಂಡೆ ಹೊಡೆದ ಕೂಡ್ಲೆ ಜನ ಎದ್ದು ಕೂತ್ಕೊಳ್ತಾರೆ, ಮದ್ದಳೆ ಯಾರಿಗೆ ಬೇಕು?" ಎಲ್ಲರೂ ನಕ್ಕರು. ನಾನಂದೆ, ಅರ್ಧ ಹೌದು. ಭಾಗವತರ ಶ್ರುತಿಗೆ ಸೇರಿಸಿಕೊಂಡು, ಪದ್ಯದ ಉದ್ದಕ್ಕೂ ಜತೆಗೆ ಹೋಗುವುದು ಮದ್ದಳೆ, ಹೆಸರು ಹೊಡೆದುಕೊಂಡು ಹೋಗುವುದು ಚಂಡೆ. ಆದರೆ ಮದ್ದಳೆ ಭಾಗವತರ ಶ್ರುತಿ ಬಿಟ್ಟು ಬೇರೆ ಸ್ವರಕ್ಕೆ ಹೋಗುವಂತಿಲ್ಲ. ಬೇಸಿಗೆ ಆ ಅಧಿಕಾರ ಇದೆ. ಅವರು ಸ್ವಲ್ಪ ಯೋಚಿಸಿ, "ಹಂಗೆಲ್ಲ ಅಧಿಕಾರ ಕೊಟ್ರೆ ಭಾಗವತರು ಸುಮ್ನಿರ್ತಾರಾ?" ಅಂದರು. ಮಾರಿಸ್ಸಿಯೂ ಸುಮ್ಮನಿರಲಿಲ್ಲ ಅಂದೆ.

ಕಾಲೇಜು ಹುಡುಗಿಯೊಬ್ಬಳು, "ಸರ್, ಬೇಸ್ ಕಲೀಬೇಕು, ಮನೇಲಿ ಗಿಟಾರ್ ಮಾತ್ರ ಇದೆ, ಈಗಲೇ ಇನ್ನೊಂದು ಕೊಡ್ಸಿ ಅಂದ್ರೆ ಬೈತಾರೆ" ಅಂದಳು. ಕೊಡಿಸುವುದು ಬೇಡಮ್ಮ. ಗಿಟಾರಿನ ದಪ್ಪದ ನಾಲ್ಕು ತಂತಿ ಸಾಕು, ಸ್ವರಗಳು ಅವೇ, ಬೆರಳಿಡುವ ಜಾಗವೂ ಅದೇ, ಸ್ಥಾಯಿ ಮಾತ್ರ ಮೇಲೆ. ಮೊದಲು 'ಸೈಕೋ ಕಿಲ್ಲರ್' ನುಡಿಸು, ತಾಳ ಬಿಡದೆ, ಕಾಲು ಕುಟ್ಟಿಕೊಂಡು. ಅದು ಕೈಗೆ ಕೂತ ಮೇಲೆ 'ಲವ್ ವಿಲ್ ಟೇರ್ ಅಸ್ ಅಪಾರ್ಟ್'. ರೂರ್ಕ್‌ನ ತಂಟೆಗೆ ಮೊದಲ ವರ್ಷ ಹೋಗಬೇಡ, ಬೆರಳು ಸಿಕ್ಕಿಹಾಕಿಕೊಂಡು ಗಿಟಾರನ್ನೇ ಅಟ್ಟಕ್ಕೆ ಹಾಕುತ್ತೀಯ. ಮತ್ತೆ, ನಿಜವಾದ ಬೇಸಿನ ತಂತಿ ಬಹಳ ದಪ್ಪ, ಫ್ರೆಟ್‌ಗಳೂ ದೂರ ದೂರ. ಮುಂದೆ ಕೊಂಡಾಗ ಮೊದಲ ವಾರ ಬೆರಳು ನೋಯುತ್ತದೆ. ಆ್ಯಂಪ್ ಮಾತ್ರ ಅಗ್ಗದ್ದು ತಗೋಬೇಡ ಅನ್ನಲು ಹೊರಟಿದ್ದೆ, ಅಷ್ಟರಲ್ಲಿ ಪಕ್ಕದಲ್ಲಿದ್ದ ಅವಳ ಗೆಳತಿ, "ಪೀಟರ್ ಹುಕ್ ತಗೊಂಡಿದ್ದು ಅಗ್ಗದ್ದೇ ಅಲ್ವಾ ಸರ್?" ಅಂದಳು.